ಅಮೆರಿಕದ ಅಂತರ್ಯುದ್ಧ: ರಾಜ್ಯಗಳ ಹಕ್ಕಿಗೋ, ಗುಲಾಮಗಿರಿಗೋ?

ಪ್ರಶ್ನೆ: ಹೋದ ವರ್ಷ ಮಗಳ ಮನೆಗೆಂದು ಅಮೆರಿಕದ ಜಾರ್ಜಿಯಾ ರಾಜ್ಯಕ್ಕೆ ಹೋಗಿದ್ದೆ. ಪಕ್ಕದ ಮನೆಯ ಹಿರಿಯರೊಬ್ಬರು ಮಾತಿಗೆ ಮಾತು ಬಂದು, ‘ನಮ್ಮ ಮುತ್ತಜ್ಜಂದಿರು ಯುದ್ಧ ಮಾಡಿದ್ದು ಗುಲಾಮಗಿರಿ ಉಳಿಸಿಕೊಳ್ಳಲು ಅಲ್ಲ. ರಾಜ್ಯಗಳ ಹಕ್ಕಿಗಾಗಿ, ತೆರಿಗೆಯ ಅನ್ಯಾಯದ ವಿರುದ್ಧ’ ಎಂದರು. ಮೊಮ್ಮಗಳ ಶಾಲೆಯ ಪುಸ್ತಕದಲ್ಲಿ ಬೇರೆಯೇ ಇದೆ. ಯಾವುದು ನಿಜ? ಗುಲಾಮಗಿರಿಯೇ ಕಾರಣ ಎಂದಾದರೆ ಎಂಬತ್ತು ವರ್ಷ ಜೊತೆಗೆ ಬಾಳಿದವರು 1861ರಲ್ಲೇ ಯಾಕೆ ಬಡಿದಾಡಿಕೊಂಡರು? ಇನ್ನೊಂದು ಕುತೂಹಲ. ನಮ್ಮದು ಗದಗ ಕಡೆಯ ಒಕ್ಕಲುತನದ ಮನೆ. ನಮ್ಮ ಅಜ್ಜ ‘ವಿಲಾಯತಿ ಹತ್ತಿ’ ಅನ್ನುತ್ತಿದ್ದರು. ಅದು ಅಮೆರಿಕದಿಂದ ಬಂದದ್ದು ಎಂದು ಕೇಳಿದ್ದೇನೆ. ಅದಕ್ಕೂ ಈ ಯುದ್ಧಕ್ಕೂ ಏನಾದರೂ ನಂಟು ಇದೆಯೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸುಲಭ, ಎರಡನೆಯದಕ್ಕೆ ಕಷ್ಟ. ಮೂರನೆಯದನ್ನು ಓದಿ ಖುಷಿಯಾಯಿತು. ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಅಣ್ಣತಮ್ಮಂದಿರು ಯಾಕೆ ಪಾಲಾದರು ಎಂದು ತಿಳಿಯಬೇಕಾದರೆ ಪಾಲಾದ ದಿನ ಬರೆದ ಕಾಗದ ನೋಡಬೇಕು. ಮೂವತ್ತು ವರ್ಷದ ನಂತರ ಜಗಲಿಯ ಮೇಲೆ ಕೂತು ಹೇಳಿದ ಮಾತನ್ನಲ್ಲ. ದಕ್ಷಿಣದ ರಾಜ್ಯಗಳು ಅಂಥ ಕಾಗದ ಬರೆದಿಟ್ಟಿವೆ. ಅಮೆರಿಕದ ಒಕ್ಕೂಟದಿಂದ ಮೊದಲು ಹೊರಬಿದ್ದದ್ದು ದಕ್ಷಿಣ ಕೆರೊಲಿನಾ, 1860ರ ಡಿಸೆಂಬರ್ 20ರಂದು. ಅದು ಕೊಟ್ಟ ಕಾರಣಗಳ ಪಟ್ಟಿಯಲ್ಲಿ ತೆರಿಗೆಯ ದೂರಿಲ್ಲ. ಉತ್ತರದ ರಾಜ್ಯಗಳು ಓಡಿಬಂದ ಗುಲಾಮರನ್ನು ಹಿಡಿದು ಕೊಡುತ್ತಿಲ್ಲ, ಗುಲಾಮಗಿರಿಯನ್ನು ಪಾಪ ಎನ್ನುತ್ತಿವೆ, ಅದರ ವೈರಿಯನ್ನು ಅಧ್ಯಕ್ಷನಾಗಿ ಆರಿಸಿವೆ. ಇವೇ ದೂರು. ಮಿಸಿಸಿಪ್ಪಿಯಂತೂ ಸುತ್ತಿಬಳಸದೆ, ನಮ್ಮ ನಿಲುವು ಗುಲಾಮಗಿರಿಯ ಜೊತೆ ಪೂರಾ ಬೆಸೆದುಕೊಂಡಿದೆ ಎಂದು ಬರೆಯಿತು. ನೀವು ಹೋಗಿದ್ದ ಜಾರ್ಜಿಯಾದ ಕಾಗದವೂ ಎರಡನೇ ವಾಕ್ಯದಲ್ಲೇ ಗುಲಾಮಗಿರಿಯ ವಿಷಯಕ್ಕೆ ಬರುತ್ತದೆ. ಅದೇ ರಾಜ್ಯದ ಅಲೆಕ್ಸಾಂಡರ್ ಸ್ಟೀಫನ್ಸ್, ಹೊರಬಿದ್ದ ರಾಜ್ಯಗಳು ಕಟ್ಟಿಕೊಂಡ ಹೊಸ ದೇಶದ ಉಪಾಧ್ಯಕ್ಷನಾದ. 1861ರ ಮಾರ್ಚ್‌ನಲ್ಲಿ ಸವಾನಾ ಊರಿನ ಭಾಷಣದಲ್ಲಿ, ಕರಿಯ ಬಿಳಿಯನಿಗೆ ಸಮನಲ್ಲ, ಗುಲಾಮಗಿರಿಯೇ ಅವನ ಸಹಜ ಸ್ಥಿತಿ, ನಮ್ಮ ಸರ್ಕಾರದ ಮೂಲೆಗಲ್ಲು ಇದೇ ಎಂದ. ಯುದ್ಧ ಸೋತ ಮೇಲೆ ಇದೇ ಮನುಷ್ಯ ದಪ್ಪ ಪುಸ್ತಕ ಬರೆದು, ಜಗಳ ಸಂವಿಧಾನದ ತತ್ವದ್ದು ಎಂದು ವಾದಿಸಿದ. ನಿಮ್ಮ ಪಕ್ಕದ ಮನೆಯವರು ಸುಳ್ಳು ಹೇಳಲಿಲ್ಲ. ಸೋತ ನಂತರ ಕಟ್ಟಿದ ಕಥೆ ತಲೆಮಾರುಗಳನ್ನು ದಾಟಿ ಅವರವರೆಗೆ ಬಂದಿದೆ, ಅಷ್ಟೆ.

ಈಗ ಕಷ್ಟದ ಪ್ರಶ್ನೆ. 1861ರಲ್ಲೇ ಯಾಕೆ?

ಉತ್ತರದವರು ಒಂದು ದಿನ ಎದ್ದು ಗುಲಾಮರ ಮೇಲೆ ಮರುಗಿ ಕತ್ತಿ ಹಿಡಿದರು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಉತ್ತರದ ಬಹುತೇಕ ಬಿಳಿಯರಿಗೆ ಕರಿಯರ ಗೊಡವೆ ಬೇಕಿರಲಿಲ್ಲ. ಇಂಡಿಯಾನಾ, ಇಲಿನಾಯ್ ರಾಜ್ಯಗಳು 1850ರ ದಶಕದಲ್ಲಿ ಕರಿಯರು ಬಂದು ನೆಲೆಸುವುದನ್ನೇ ಕಾನೂನು ಮಾಡಿ ತಡೆದಿದ್ದವು. ಗುಲಾಮಗಿರಿ ಅವರಿಗೆ ದೂರದ ಊರಿನ ಕೆಟ್ಟ ಸುದ್ದಿ. ಆ ದೂರದ ಸುದ್ದಿ ಅವರ ಮನೆ ಬಾಗಿಲಿಗೆ, ಅವರ ಜಮೀನಿಗೆ, ಅವರ ಓಟಿಗೆ ಬಂದು ತಾಗಿದ ಕಥೆಯೇ ಅಂತರ್ಯುದ್ಧದ ಕಥೆ. ತಾಗುವಂತೆ ಮಾಡಿದವರು ಇಬ್ಬರು. ಜಾಸ್ತಿ ಜಾಸ್ತಿ ರಕ್ಷಣೆ ಕೇಳುತ್ತಾ ಹೋದ ಧಣಿಗಳು ಒಂದು ಕಡೆ. ಅವರ ಕೈಯಿಂದ ತಪ್ಪಿಸಿಕೊಂಡು ಓಡಿದ ಗುಲಾಮರು ಇನ್ನೊಂದು ಕಡೆ. ಪಠ್ಯಪುಸ್ತಕಗಳು ಅಧ್ಯಕ್ಷರು, ಸೆನೆಟರುಗಳ ಹೆಸರನ್ನೇ ಹೇಳುತ್ತವೆ. ಓಡಿಬಂದವರನ್ನು ಅಡಿಟಿಪ್ಪಣಿಗೆ ತಳ್ಳುತ್ತವೆ. ನನಗೆ ಅದು ಸರಿ ಕಾಣುವುದಿಲ್ಲ.

ಬುಡದಿಂದ ನೋಡೋಣ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆದವರು ‘ಗುಲಾಮ’ ಎಂಬ ಪದವನ್ನೇ ಬಳಸಲಿಲ್ಲ. ನಾಚಿಕೆ ಇತ್ತು, ಅಲ್ವಾ? ಪದ ಇಲ್ಲದಿದ್ದರೂ ಏರ್ಪಾಡು ಇತ್ತು. ಪ್ರತಿನಿಧಿ ಸಭೆಯ ಸೀಟು ಹಂಚುವಾಗ ಐದು ಗುಲಾಮರನ್ನು ಮೂರು ಜನ ಎಂದು ಎಣಿಸಬೇಕು. ಓಟು ಮಾತ್ರ ಅವರಿಗಿಲ್ಲ. ಕೊಟ್ಟಿಗೆಯ ಎತ್ತುಗಳನ್ನು ಎಣಿಸಿ ಗೌಡನಿಗೆ ಇನ್ನೆರಡು ಓಟು ಕೊಟ್ಟ ಹಾಗೆ. ಜೊತೆಗೆ, ಒಂದು ರಾಜ್ಯದಿಂದ ಓಡಿಹೋದವರನ್ನು ಇನ್ನೊಂದು ರಾಜ್ಯ ವಾಪಸ್ ಕೊಡಬೇಕು. ಈ ಸಾಲನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈ ಪದ್ಧತಿ ತಾನಾಗಿ ಸವೆದು ಹೋಗುತ್ತದೆ ಎಂದು ಆಗ ಹಲವರು ನಂಬಿದ್ದರು. ಉತ್ತರದ ರಾಜ್ಯಗಳು ಒಂದೊಂದಾಗಿ ಅದನ್ನು ಕೈಬಿಡುತ್ತಲೂ ಇದ್ದವು. ಅಷ್ಟರಲ್ಲಿ, 1793ರಲ್ಲಿ, ಇಲೈ ವಿಟ್ನಿ ಎಂಬಾತ ಹತ್ತಿಯಿಂದ ಬೀಜ ಬಿಡಿಸುವ ಯಂತ್ರ ಮಾಡಿದ. ನಿಮ್ಮ ಕಡೆ ಜಿನ್ ಎನ್ನುತ್ತಾರಲ್ಲ, ಅದೇ. ಒಬ್ಬಾಳು ದಿನವಿಡೀ ಕೂತು ಬಿಡಿಸುತ್ತಿದ್ದ ಅರಳೆಯ ಹತ್ತಾರು ಪಟ್ಟು ಆ ಪೆಟ್ಟಿಗೆಯಿಂದ ಉದುರತೊಡಗಿತು. ಆದರೆ ಕಾಯಿ ಬಿಡಿಸುವ ಯಂತ್ರ ಬರಲಿಲ್ಲ. ಅದಕ್ಕೆ ಕೈ ಬೇಕು, ಬಗ್ಗಿದ ಬೆನ್ನು ಬೇಕು. 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರು 1860ಕ್ಕೆ ಸುಮಾರು 40 ಲಕ್ಷವಾದರು. ವರ್ಜೀನಿಯಾ, ಮೇರಿಲ್ಯಾಂಡ್‌ನಂಥ ಹಳೆಯ ರಾಜ್ಯಗಳಿಂದ ಸುಮಾರು 10 ಲಕ್ಷ ಜನರನ್ನು ದಕ್ಷಿಣದ ಹತ್ತಿ ಸೀಮೆಗೆ ಮಾರಿದರು ಇಲ್ಲವೇ ಸಾಗಿಸಿದರು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. 1860ರ ಹೊತ್ತಿಗೆ ದೇಶದ ರಫ್ತಿನಲ್ಲಿ ಅರ್ಧಕ್ಕೂ ಜಾಸ್ತಿ ಹತ್ತಿಯೇ. ಗುಲಾಮರ ಒಟ್ಟು ‘ಬೆಲೆ’ 300 ಕೋಟಿ ಡಾಲರ್ ಮುಟ್ಟಿತ್ತು. ಇಡೀ ದೇಶದ ರೈಲು ಮತ್ತು ಕಾರ್ಖಾನೆಗಳಿಗೆ ಹಾಕಿದ ಬಂಡವಾಳವನ್ನು ಕೂಡಿಸಿದರೂ ಅಷ್ಟಾಗುತ್ತಿರಲಿಲ್ಲ. ಇಷ್ಟು ದೊಡ್ಡ ಆಸ್ತಿಯನ್ನು ಯಾರೂ ಉಪದೇಶ ಕೇಳಿ ಬಿಟ್ಟುಕೊಡುವುದಿಲ್ಲ.

ಆ ಆಸ್ತಿ ಉಳಿಯಬೇಕಾದರೆ ಹೊಸ ನೆಲ ಬೇಕಿತ್ತು. ಹತ್ತಿ ಮಣ್ಣಿನ ಸಾರ ಹೀರುತ್ತದೆ, ನಿಮಗೆ ಗೊತ್ತಿರುವುದೇ. ರಾಜಕೀಯದ ಲೆಕ್ಕ ಇನ್ನೂ ಮುಖ್ಯ. ಉತ್ತರದಲ್ಲಿ ಜನ ಬೆಳೆಯುತ್ತಿದ್ದರು, ಪ್ರತಿನಿಧಿ ಸಭೆ ಅವರ ಕೈಗೆ ಹೋಗುತ್ತಿತ್ತು. ಸೆನೆಟ್‌ನಲ್ಲಿ ಮಾತ್ರ ದೊಡ್ಡ ರಾಜ್ಯವಾಗಲಿ ಸಣ್ಣದಾಗಲಿ ಎರಡೇ ಸೀಟು. ಅಲ್ಲಿ ತಕ್ಕಡಿ ಸಮ ಇರುವ ತನಕ ದಕ್ಷಿಣಕ್ಕೆ ಭಯವಿಲ್ಲ. 1819ರಲ್ಲಿ ಗುಲಾಮಗಿರಿ ಇದ್ದ ರಾಜ್ಯಗಳು 11, ಇಲ್ಲದವು 11. ಆಗ ಮಿಸೌರಿ ಗುಲಾಮಗಿರಿಯ ಸಮೇತ ಒಳಗೆ ಬರುತ್ತೇನೆ ಎಂದಿತು. ದೊಡ್ಡ ಗಲಾಟೆಯಾಗಿ 1820ರಲ್ಲಿ ರಾಜಿಯಾಯಿತು. ಅತ್ತ ಮಿಸೌರಿ, ಇತ್ತ ತೂಕಕ್ಕೆ ಮೇನ್. ಉಳಿದ ಪಶ್ಚಿಮದ ನೆಲಕ್ಕೆ 36 ಡಿಗ್ರಿ 30 ನಿಮಿಷದ ಅಕ್ಷಾಂಶದಲ್ಲಿ ಗೆರೆ: ಅದರ ಉತ್ತರಕ್ಕೆ ಗುಲಾಮಗಿರಿ ಇಲ್ಲ. ಆಗ 77 ವರ್ಷದ ಥಾಮಸ್ ಜೆಫರ್ಸನ್, ತಾನೂ ಗುಲಾಮರ ಒಡೆಯನೇ, ಈ ಸುದ್ದಿ ನಡುರಾತ್ರಿ ಬೆಂಕಿ ಗಂಟೆ ಬಾರಿಸಿದ ಹಾಗೆ ತನ್ನನ್ನು ಬೆಚ್ಚಿಬೀಳಿಸಿತು ಎಂದು ಬರೆದ. ಆದರೂ ಆ ಗೆರೆ ಮೂವತ್ತು ವರ್ಷ ಶಾಂತಿ ಕಾಯ್ದಿತು. ಕೆಂಡದ ಮೇಲಿನ ಬೂದಿಯ ಥರ.

ನಡುವಿನ ವರ್ಷಗಳನ್ನು ಬೇಗ ದಾಟುತ್ತೇನೆ. 1831ರಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ಎಂಬ ಗುಲಾಮನ ದಂಗೆ ಆಯಿತು, ದಕ್ಷಿಣ ನಡುಗಿತು, ಗುಲಾಮರಿಗೆ ಓದು ಕಲಿಸುವುದರ ಮೇಲೂ ಕಾನೂನು ಬಿಗಿಯಾಯಿತು. ಗುಲಾಮಗಿರಿ ಬೇಡ ಎನ್ನುವ ಅರ್ಜಿಗಳು ಸಾವಿರಗಟ್ಟಲೆ ಬರತೊಡಗಿದಾಗ, 1836ರಿಂದ 1844ರವರೆಗೆ ಪ್ರತಿನಿಧಿ ಸಭೆ ಅವನ್ನು ಚರ್ಚಿಸದೆ ಬದಿಗಿಡುವ ನಿಯಮ ಮಾಡಿಕೊಂಡಿತು. ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಆ ಸಭೆಯಲ್ಲೇ ಸದಸ್ಯನಾಗಿ ಕೂತು ಅದರ ವಿರುದ್ಧ ಎಂಟು ವರ್ಷ ಹಟ ಹಿಡಿದ. ಇಲ್ಲಿ ಒಂದು ಬದಲಾವಣೆ ಗಮನಿಸಿ. ಗುಲಾಮರ ಚಿಂತೆ ಇಲ್ಲದ ಉತ್ತರದ ರೈತನಿಗೂ, ‘ನನ್ನ ಅರ್ಜಿಯನ್ನೇ ಓದುವುದಿಲ್ಲವಂತೆ’ ಎಂದು ಸಿಟ್ಟು ಬಂತು. ವಿಷಯ ಬಾಗಿಲು ತಟ್ಟಿದ್ದು ಇದೇ ಮೊದಲು. 1844, 1845ರಲ್ಲಿ ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಚರ್ಚುಗಳು ಉತ್ತರ, ದಕ್ಷಿಣ ಎಂದು ಸೀಳಿದವು. ಪಕ್ಷಗಳಿಗಿಂತ ಮೊದಲು ದೇವರ ಮನೆ ಪಾಲಾಯಿತು.

ಬೂದಿ ಹಾರಿದ್ದು ಮೆಕ್ಸಿಕೊ ಯುದ್ಧದಲ್ಲಿ. 1846ರಿಂದ 1848ರ ಆ ಯುದ್ಧದಲ್ಲಿ ಅಮೆರಿಕ ಕ್ಯಾಲಿಫೋರ್ನಿಯಾದವರೆಗಿನ ನೆಲ ಗೆದ್ದಿತು. ಗೆದ್ದ ನೆಲ ಯಾರ ಪಾಲಿಗೆ? ಪೆನ್ಸಿಲ್ವೇನಿಯಾದ ಡೇವಿಡ್ ವಿಲ್ಮಟ್ ಎಂಬ ಸದಸ್ಯ ಅಲ್ಲಿ ಗುಲಾಮಗಿರಿ ಕೂಡದು ಎಂಬ ತಿದ್ದುಪಡಿ ತಂದ. ಕರಿಯರ ಮೇಲಿನ ಕರುಣೆಯಿಂದಲ್ಲ, ಬಿಳಿ ಕೂಲಿಕಾರರಿಗೆ ನೆಲ ಉಳಿಯಲಿ ಎಂದೇ ಎಂದು ಅವನೇ ಹೇಳಿಕೊಂಡ. ಪ್ರತಿನಿಧಿ ಸಭೆಯಲ್ಲಿ ಗೆದ್ದಿತು, ಸೆನೆಟ್‌ನಲ್ಲಿ ಬಿತ್ತು. ಆದರೆ ಮತ ಬಿದ್ದ ರೀತಿ ನೋಡಿ. ಪಕ್ಷಗಳ ಲೆಕ್ಕದಲ್ಲಿ ಒಡೆಯಬೇಕಿದ್ದ ಸಭೆ ಸೀಮೆಯ ಲೆಕ್ಕದಲ್ಲಿ ಒಡೆಯಿತು. ಉತ್ತರದವರು ಬಹುತೇಕ ಒಂದು ಕಡೆ, ದಕ್ಷಿಣದವರು ಬಹುತೇಕ ಇನ್ನೊಂದು ಕಡೆ. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು. ಎರಡೇ ವರ್ಷದಲ್ಲಿ ರಾಜ್ಯವಾಗುವಷ್ಟು ಜನ ಅಲ್ಲಿ ತುಂಬಿದರು. ಅವರಿಗೆ ಗುಲಾಮಗಿರಿ ಬೇಡ.

1850ರಲ್ಲಿ ಮತ್ತೊಂದು ರಾಜಿ. ಮುದುಕ ಸೆನೆಟರ್ ಹೆನ್ರಿ ಕ್ಲೇ ಶುರು ಮಾಡಿದ, ಇಲಿನಾಯ್‌ನ ಸೆನೆಟರ್ ಸ್ಟೀಫನ್ ಡಗ್ಲಸ್ ದಡ ಮುಟ್ಟಿಸಿದ. ದಕ್ಷಿಣದ ದೊಡ್ಡ ದನಿ ಜಾನ್ ಕ್ಯಾಲ್ಹೂನ್ ಮಾತಾಡಲೂ ಆಗದಷ್ಟು ಕಾಯಿಲೆ ಬಿದ್ದಿದ್ದ. ಅವನ ಭಾಷಣವನ್ನು ಬೇರೊಬ್ಬ ಓದಿದ, ಆ ತಿಂಗಳೇ ಅವನು ಸತ್ತ. ಕ್ಯಾಲಿಫೋರ್ನಿಯಾ ಉತ್ತರದ ಕಡೆ ಬಂತು. ಬದಲಿಗೆ ದಕ್ಷಿಣಕ್ಕೆ ಸಿಕ್ಕಿದ್ದರಲ್ಲಿ ಮುಖ್ಯವಾದದ್ದು ಓಡಿಹೋದ ಗುಲಾಮರನ್ನು ಹಿಡಿಯುವ ಹೊಸ ಕಾನೂನು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯುದ್ಧಕ್ಕೆ ಹತ್ತು ಕಾರಣ ಹೇಳುವವರು ಈ ಕಾನೂನನ್ನು ನಾಲ್ಕನೆಯದೋ ಐದನೆಯದೋ ಮಾಡುತ್ತಾರೆ. ನಾನು ಮೊದಲನೆಯದಾಗಿ ಇಡುತ್ತೇನೆ. ಹಿಡಿದು ತಂದವನನ್ನು ಒಬ್ಬ ಕಮಿಷನರ್ ಮುಂದೆ ನಿಲ್ಲಿಸಬೇಕು. ಜೂರಿ ಇಲ್ಲ. ಹಿಡಿಸಿಕೊಂಡವನು ತನ್ನ ಪರ ಸಾಕ್ಷಿ ಹೇಳುವಂತಿಲ್ಲ. ‘ಇವನು ಗುಲಾಮನೇ’ ಎಂದು ತೀರ್ಪು ಕೊಟ್ಟರೆ ಕಮಿಷನರ್‌ಗೆ 10 ಡಾಲರ್, ‘ಅಲ್ಲ, ಬಿಡಿ’ ಎಂದರೆ 5 ಡಾಲರ್. ಕಾಗದದ ಕೆಲಸ ಜಾಸ್ತಿ ಇರುತ್ತದೆ ಎಂಬುದು ಇದಕ್ಕೆ ಕೊಟ್ಟ ಸಮಜಾಯಿಷಿ. ಇನ್ನೂ ಇದೆ. ಬೀದಿಯಲ್ಲಿ ಹೋಗುವ ಯಾರನ್ನಾದರೂ ಸರ್ಕಾರಿ ಅಧಿಕಾರಿ ಕರೆದು ‘ಹಿಡಿಯಲು ಕೈ ಜೋಡಿಸು’ ಎನ್ನಬಹುದು. ಓಡಿಬಂದವನಿಗೆ ಆಸರೆ ಕೊಟ್ಟವರಿಗೆ 1000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಅಂದರೆ ಹಸಿದು ಬಂದವನಿಗೆ ಅನ್ನ ಹಾಕಿದರೆ ಅಪರಾಧ. ಉತ್ತರದ ಸಾಮಾನ್ಯ ಮನುಷ್ಯನನ್ನು ಧಣಿಯ ಬೇಟೆನಾಯಿ ಮಾಡಿದ ಕಾನೂನು ಇದು.

1854ರ ಮೇ ತಿಂಗಳಲ್ಲಿ ಬಾಸ್ಟನ್‌ನಲ್ಲಿ ಆಂಥೋನಿ ಬರ್ನ್ಸ್ ಎಂಬ ಯುವಕ ಸಿಕ್ಕಿಬಿದ್ದ. ವರ್ಜೀನಿಯಾದಿಂದ ಓಡಿಬಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಜನ ನ್ಯಾಯಾಲಯದ ಬಾಗಿಲು ಮುರಿಯಲು ನುಗ್ಗಿದರು, ಒಬ್ಬ ಕಾವಲುಗಾರ ಸತ್ತ. ಅಧ್ಯಕ್ಷ ಸೇನೆ ಕಳಿಸಿದ. ಜೂನ್ 2ರಂದು ಬರ್ನ್ಸ್‌ನನ್ನು ಸೈನಿಕರ ಸಾಲುಗಳ ನಡುವೆ ಹಡಗಿಗೆ ನಡೆಸಿಕೊಂಡು ಹೋದರು. ಸುಮಾರು 50 ಸಾವಿರ ಜನ ದಾರಿಯ ಎರಡೂ ಬದಿ ನಿಂತು ನೋಡಿದರು. ಕಟ್ಟಡಗಳಿಗೆ ಕರಿ ಬಟ್ಟೆ ಕಟ್ಟಿದ್ದರು, ಒಂದು ಶವಪೆಟ್ಟಿಗೆಯನ್ನೂ ತೂಗುಹಾಕಿದ್ದರು. ಆಮೋಸ್ ಲಾರೆನ್ಸ್ ಎಂಬ ದೊಡ್ಡ ವ್ಯಾಪಾರಿ ಆ ಬಗ್ಗೆ ಬರೆದದ್ದರ ಸಾರ ಇದು: ರಾತ್ರಿ ಮಲಗುವಾಗ ನಾವು ರಾಜಿ ಬಯಸುವ ಸಂಪ್ರದಾಯಸ್ಥರಾಗಿದ್ದೆವು, ಬೆಳಿಗ್ಗೆ ಏಳುವಾಗ ಗುಲಾಮಗಿರಿಯ ಕಡು ವಿರೋಧಿಗಳಾಗಿದ್ದೆವು. ಈ ಮನುಷ್ಯನ ಬದುಕು ನಡೆಯುತ್ತಿದ್ದದ್ದು ಬಟ್ಟೆ ವ್ಯಾಪಾರದಿಂದ, ಅದರ ನೂಲು ದಕ್ಷಿಣದ ಹತ್ತಿಯದು. ಅಂಥವನೇ ಹೀಗೆ ತಿರುಗಿದ. ಮುಂದೆ ಬಾಸ್ಟನ್ನಿನವರು ಹಣ ಕೂಡಿಸಿ ಬರ್ನ್ಸ್‌ನನ್ನು ಬಿಡಿಸಿಕೊಂಡರು. ಅವನ ನಂತರ ಮ್ಯಾಸಚೂಸೆಟ್ಸ್‌ನಿಂದ ಒಬ್ಬನನ್ನೂ ವಾಪಸ್ ಒಯ್ಯಲು ಆಗಲಿಲ್ಲ.

1856ರ ಜನವರಿಯ ಘಟನೆ ಇದಕ್ಕಿಂತ ಘೋರ. ಹೆಪ್ಪುಗಟ್ಟಿದ ಓಹಾಯೊ ನದಿಯ ಮೇಲೆ ನಡೆದು ಮಾರ್ಗರೆಟ್ ಗಾರ್ನರ್ ಎಂಬ ಹೆಂಗಸು ಮನೆಯವರೊಂದಿಗೆ ಕೆಂಟಕಿಯಿಂದ ಸಿನ್ಸಿನಾಟಿಗೆ ದಾಟಿ ಬಂದಳು. ಅಡಗಿದ್ದ ಮನೆಯನ್ನು ಹಿಡಿಯುವವರು ಸುತ್ತುವರಿದಾಗ, ಮತ್ತೆ ಗುಲಾಮಗಿರಿಗೆ ಹೋಗಬಾರದೆಂದು ತನ್ನ ಎರಡು ವರ್ಷದ ಮಗಳ ಕತ್ತು ತಾನೇ ಕುಯ್ದಳು. ಆಮೇಲೆ ನಡೆದ ವಾದ ಕೇಳಿ. ಓಹಾಯೊದವರು ಅವಳ ಮೇಲೆ ಕೊಲೆ ಮೊಕದ್ದಮೆ ಹೂಡಲು ಹೊರಟರು. ಕೊಲೆ ಆರೋಪಿ ಎಂದರೆ ಅವಳು ಮನುಷ್ಯಳು, ಇಲ್ಲೇ ಉಳಿಯುತ್ತಾಳೆ. ಕೇಂದ್ರದ ಕಾನೂನು ಮಾತ್ರ ಅವಳು ಒಡೆಯನ ಸೊತ್ತು, ವಾಪಸ್ ಕಳಿಸಿ ಎಂದಿತು. ಅವಳು ಮನುಷ್ಯಳು ಎಂದು ಸಾಬೀತು ಮಾಡಲು ಕೊಲೆ ಆರೋಪವೇ ಬೇಕಾಯಿತು! ಕೊನೆಗೆ ಕೆಂಟಕಿಗೆ ಒಯ್ದರು, ಅಲ್ಲಿಂದ ಇನ್ನೂ ದಕ್ಷಿಣಕ್ಕೆ ಸಾಗಿಸಿದರು.

ಈಗ ‘ರಾಜ್ಯಗಳ ಹಕ್ಕಿ’ಗೆ ಬರೋಣ. 1854ರಲ್ಲಿ ವಿಸ್ಕಾನ್ಸಿನ್‌ನ ಮಿಲ್ವಾಕಿ ಊರಿನ ಜನ ಜೈಲಿನ ಬಾಗಿಲು ಒಡೆದು ಜೋಶುವಾ ಗ್ಲೋವರ್ ಎಂಬ ಓಡಿಬಂದ ಗುಲಾಮನನ್ನು ಬಿಡಿಸಿದರು. ಬಿಡಿಸಿದವರ ಮೇಲೆ ಕೇಂದ್ರ ಮೊಕದ್ದಮೆ ಹಾಕಿತು. ಆಗ ವಿಸ್ಕಾನ್ಸಿನ್‌ನ ಸುಪ್ರೀಂ ಕೋರ್ಟು, ಈ ಕಾನೂನೇ ಸಂವಿಧಾನಕ್ಕೆ ವಿರುದ್ಧ, ನಮ್ಮ ರಾಜ್ಯದಲ್ಲಿ ನಡೆಯುವುದಿಲ್ಲ ಎಂದಿತು. 1859ರಲ್ಲಿ ದೇಶದ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ಕೇಂದ್ರದ ಮಾತೇ ಕೊನೆ ಎಂದಿತು. ದಕ್ಷಿಣ ಇದಕ್ಕೆ ತಲೆದೂಗಿತು. ಹೇಳಿ, ಇಲ್ಲಿ ರಾಜ್ಯದ ಹಕ್ಕು ಎತ್ತಿ ಹಿಡಿದವರು ಯಾರು, ಕೇಂದ್ರದ ದೊಣ್ಣೆ ಬೇಕೆಂದವರು ಯಾರು? ದಕ್ಷಿಣ ಕೆರೊಲಿನಾದ ಕಾಗದದಲ್ಲೂ ಇದೇ ದೂರು. ಹದಿಮೂರು ರಾಜ್ಯಗಳ ಹೆಸರು ಹಿಡಿದು, ಇವು ತಮ್ಮದೇ ಕಾನೂನು ಮಾಡಿಕೊಂಡು ಗುಲಾಮರನ್ನು ಹಿಡಿಯಲು ಅಡ್ಡಿ ಮಾಡುತ್ತಿವೆ ಎನ್ನುತ್ತದೆ. ಗುಲಾಮನನ್ನು ಜೊತೆಯಲ್ಲಿ ಕರೆದುಕೊಂಡು ನ್ಯೂಯಾರ್ಕ್ ಮೂಲಕ ಹಾದುಹೋಗಲೂ ಬಿಡುತ್ತಿಲ್ಲ ಎಂದೂ ಗೊಣಗುತ್ತದೆ. ಬೇರೆ ರಾಜ್ಯಗಳಿಗೆ ಹಕ್ಕು ಜಾಸ್ತಿಯಾಯಿತು ಎಂಬುದೇ ಅವರ ಕೊರಗು! ತತ್ವ ಎರಡೂ ಕಡೆಯವರಿಗೆ ಕೊಡೆ ಇದ್ದ ಹಾಗೆ. ಮಳೆ ಬಂದ ಕಡೆಗೆ ಬಿಚ್ಚುತ್ತಿದ್ದರು.

ನಿಮ್ಮ ನೆರೆಯವರು ತೆರಿಗೆ ಎಂದದ್ದು ಪೂರಾ ಗಾಳಿಮಾತಲ್ಲ. 1832–33ರಲ್ಲಿ ದಕ್ಷಿಣ ಕೆರೊಲಿನಾ ಆಮದು ಸುಂಕದ ಬಗ್ಗೆ ಕೇಂದ್ರದ ಜೊತೆ ತೊಡೆ ತಟ್ಟಿದ್ದು ನಿಜ. ಆದರೆ 1857ರಲ್ಲಿ ಸುಂಕ ಇಳಿದಿತ್ತು, ದಕ್ಷಿಣವೂ ಅದಕ್ಕೆ ಒಪ್ಪಿತ್ತು. ಮತ್ತೆ ಸುಂಕ ಏರಿಸಿದ ಕಾನೂನು ಪಾಸಾದದ್ದು 1861ರ ಮಾರ್ಚ್‌ನಲ್ಲಿ, ಅದೂ ಏಳು ರಾಜ್ಯಗಳು ಎದ್ದುಹೋಗಿ ಅವರ ಸೆನೆಟರುಗಳ ಕುರ್ಚಿ ಖಾಲಿಯಾದ ಮೇಲೆ. ಹೋದ ಮೇಲೆ ಆದದ್ದು ಹೋಗಲು ಕಾರಣ ಹೇಗಾದೀತು?

ಬರ್ನ್ಸ್ ಸಿಕ್ಕಿಬಿದ್ದ ಅದೇ ವಾರ, 1854ರ ಮೇ ಕೊನೆಗೆ, ಇನ್ನೊಂದು ಎಡವಟ್ಟು ಆಯಿತು. ಡಗ್ಲಸ್‌ಗೆ ಪಶ್ಚಿಮಕ್ಕೆ ರೈಲು ಹಾಕಿಸುವ ಆಸೆ. ಅದಕ್ಕೆ ಕ್ಯಾನ್ಸಾಸ್, ನೆಬ್ರಾಸ್ಕಾ ಸೀಮೆಗಳಿಗೆ ಒಂದು ಆಡಳಿತ ಬೇಕು. ದಕ್ಷಿಣದ ಓಟು ಸಿಗಲೆಂದು 1820ರ ಗೆರೆಯನ್ನೇ ಅಳಿಸಿ, ‘ಅಲ್ಲಿನ ಜನ ಓಟು ಹಾಕಿ ತೀರ್ಮಾನಿಸಲಿ’ ಎಂದ. ಕೇಳಲು ಚೆನ್ನಾಗಿದೆ. ಆದರೆ ‘ಅಲ್ಲಿನ ಜನ’ ಅಂದರೆ ಯಾರು? 1855ರ ಮಾರ್ಚ್ ಚುನಾವಣೆಯಲ್ಲಿ ಓಟಿನ ಹಕ್ಕಿದ್ದವರು 2900ರಷ್ಟು, ಬಿದ್ದ ಓಟು 6000ಕ್ಕೂ ಜಾಸ್ತಿ. ಪಕ್ಕದ ಮಿಸೌರಿಯಿಂದ ಬಂದೂಕು ಹಿಡಿದು ಬಂದವರು ಓಟು ಹಾಕಿ ವಾಪಸ್ ಹೋಗಿದ್ದರು. ಆಮೇಲೆ ಒಂದೇ ಸೀಮೆಗೆ ಎರಡು ಸರ್ಕಾರ. ಉತ್ತರದಿಂದಲೂ ಬಂದೂಕು ಬಂದವು.

1856ರ ಮೇ ತಿಂಗಳ ನಾಲ್ಕು ದಿನ ನೋಡಿ. 21ರಂದು ಗುಲಾಮಗಿರಿಯ ಪರದವರು ಕ್ಯಾನ್ಸಾಸ್‌ನ ಲಾರೆನ್ಸ್ ಊರನ್ನು ಲೂಟಿ ಮಾಡಿದರು. 22ರಂದು ವಾಷಿಂಗ್ಟನ್‌ನಲ್ಲಿ, ಸೆನೆಟ್ ಸಭಾಂಗಣದ ಒಳಗೇ, ದಕ್ಷಿಣ ಕೆರೊಲಿನಾದ ಸದಸ್ಯ ಪ್ರೆಸ್ಟನ್ ಬ್ರೂಕ್ಸ್ ತನ್ನ ಊರುಗೋಲಿನಿಂದ ಮ್ಯಾಸಚೂಸೆಟ್ಸ್‌ನ ಸೆನೆಟರ್ ಚಾರ್ಲ್ಸ್ ಸಮ್ನರ್‌ನನ್ನು ಪ್ರಜ್ಞೆ ತಪ್ಪುವ ತನಕ ಬಡಿದ. ಕೋಲು ತುಂಡಾಯಿತು. ದಕ್ಷಿಣದ ಅಭಿಮಾನಿಗಳು ಅವನಿಗೆ ಹೊಸ ಕೋಲುಗಳನ್ನು ಉಡುಗೊರೆ ಕಳಿಸಿದರು. ರಾಜೀನಾಮೆ ಕೊಟ್ಟ ಅವನನ್ನು ಕ್ಷೇತ್ರದವರು ಮತ್ತೆ ಆರಿಸಿದರು. ಸಮ್ನರ್ ಪೂರ್ತಿ ಸುಧಾರಿಸಿಕೊಳ್ಳಲು ಮೂರು ವರ್ಷ ಹಿಡಿಯಿತು. ಅವನ ರಾಜ್ಯದವರು ಆ ಖಾಲಿ ಕುರ್ಚಿಯನ್ನೇ ಜವಾಬಾಗಿ ಉಳಿಸಿಕೊಂಡರು. 24ರ ರಾತ್ರಿ ಗುಲಾಮಗಿರಿಯ ಕಡು ವಿರೋಧಿ ಜಾನ್ ಬ್ರೌನ್ ಮತ್ತವನ ಗಂಡುಮಕ್ಕಳು ಕ್ಯಾನ್ಸಾಸ್‌ನ ಪೊಟವಾಟಮಿ ಹಳ್ಳದ ಬಳಿ ಗುಲಾಮಗಿರಿಯ ಪರದ ಐವರನ್ನು ಮನೆಯಿಂದ ಎಳೆದು ಕತ್ತಿಯಿಂದ ಕಡಿದರು. ಪಾರ್ಲಿಮೆಂಟಿನ ಒಳಗೂ ಹೊಲದ ಬದುವಿನಲ್ಲೂ ಒಂದೇ ವಾರದಲ್ಲಿ ರಕ್ತ ಬಿದ್ದ ಮೇಲೆ, ಯುದ್ಧ 1861ರಲ್ಲಿ ಶುರುವಾಯಿತು ಎನ್ನುವುದು ತಾರೀಖಿನ ಮಾತಷ್ಟೆ.

ಡಗ್ಲಸ್‌ನ ಆ ಕಾನೂನು ವಿಗ್ ಎಂಬ ಹಳೆಯ ಪಕ್ಷವನ್ನು ಮುಗಿಸಿತು. ಗುಲಾಮಗಿರಿ ಹೊಸ ನೆಲಕ್ಕೆ ಹರಡಬಾರದು ಎನ್ನುವವರೆಲ್ಲ ಸೇರಿ ರಿಪಬ್ಲಿಕನ್ ಪಕ್ಷ ಕಟ್ಟಿದರು. ಅವರು ಇರುವ ಕಡೆ ಗುಲಾಮಗಿರಿ ಕಿತ್ತುಹಾಕಿ ಎನ್ನಲಿಲ್ಲ, ಮುಂದಕ್ಕೆ ಬಿಡಬೇಡಿ ಎಂದರು. ಈ ವ್ಯತ್ಯಾಸ ಬಹಳ ಮುಖ್ಯ.

1857ರ ಮಾರ್ಚ್ 6ರಂದು ಸುಪ್ರೀಂ ಕೋರ್ಟು ಆ ಪಕ್ಷದ ಬುಡಕ್ಕೇ ಕೊಡಲಿ ಹಾಕಿತು. ಡ್ರೆಡ್ ಸ್ಕಾಟ್ ಎಂಬ ಗುಲಾಮ, ಒಡೆಯನ ಜೊತೆ ಗುಲಾಮಗಿರಿ ಇಲ್ಲದ ಸೀಮೆಯಲ್ಲಿ ಬಾಳಿದ್ದೇನೆ, ಆದ್ದರಿಂದ ನಾನು ಸ್ವತಂತ್ರ ಎಂದು ದಾವೆ ಹೂಡಿದ್ದ. ಮುಖ್ಯ ನ್ಯಾಯಾಧೀಶ ರೋಜರ್ ಟಾನಿ ಕೊಟ್ಟ ತೀರ್ಪು: ಕರಿಯರು ಈ ದೇಶದ ಪ್ರಜೆಗಳೇ ಅಲ್ಲ, ಹೊಸ ಸೀಮೆಗಳಲ್ಲಿ ಗುಲಾಮಗಿರಿ ತಡೆಯುವ ಅಧಿಕಾರ ಕಾಂಗ್ರೆಸ್ಸಿಗೂ, ಅಂದರೆ ಅಲ್ಲಿನ ಪಾರ್ಲಿಮೆಂಟಿಗೂ, ಇಲ್ಲ. ಜಗಳ ತೀರಿಸುತ್ತೇನೆ ಎಂದುಕೊಂಡ ಕೋರ್ಟು ರಾಜಿಯ ದಾರಿಯನ್ನೇ ಮುಚ್ಚಿತು. ಇನ್ನು ಗೆರೆ ಎಳೆಯುವಂತಿಲ್ಲ. ‘ಹೊಸ ಸೀಮೆಗೆ ತಡೆ ಇಲ್ಲ ಎಂದವರು ನಾಳೆ ನಮ್ಮ ರಾಜ್ಯಕ್ಕೂ ತಡೆ ಇಲ್ಲ ಎನ್ನುವುದಿಲ್ಲವೇ?’ ಎಂದು ಇಲಿನಾಯ್‌ನ ವಕೀಲ ಅಬ್ರಹಾಂ ಲಿಂಕನ್ 1858ರಲ್ಲಿ ಕೇಳಿದ ಪ್ರಶ್ನೆಯ ತಾತ್ಪರ್ಯ ಇಷ್ಟೆ. ಆ ವರ್ಷ ಡಗ್ಲಸ್ ಮತ್ತು ಲಿಂಕನ್ ಏಳು ಊರುಗಳಲ್ಲಿ ಎದುರುಬದುರು ವಾದ ಮಾಡಿದರು. ಲಿಂಕನ್ ಸೆನೆಟ್ ಸೀಟು ಸೋತ, ಹೆಸರು ಗೆದ್ದ.

ಇನ್ನು ಜಾನ್ ಬ್ರೌನ್. 1859ರ ಅಕ್ಟೋಬರ್‌ನಲ್ಲಿ 21 ಜನರನ್ನು ಕಟ್ಟಿಕೊಂಡು ವರ್ಜೀನಿಯಾದ ಹಾರ್ಪರ್ಸ್ ಫೆರಿಯ ಸರ್ಕಾರಿ ಆಯುಧ ಕೋಠಿಗೆ ನುಗ್ಗಿದ, ಗುಲಾಮರನ್ನು ದಂಗೆ ಎಬ್ಬಿಸಲು. ಹಿಡಿದವರ ಮುಖಂಡ ಕರ್ನಲ್ ರಾಬರ್ಟ್ ಲೀ, ಮುಂದೆ ದಕ್ಷಿಣದ ಸೇನಾಪತಿಯಾದವನು. ಡಿಸೆಂಬರ್ 2ರಂದು ಬ್ರೌನ್‌ಗೆ ನೇಣು. ಯೋಜನೆಯಾಗಿ ಅದು ಹುಚ್ಚುತನವೇ. ಆದರೆ ಅಂದು ಉತ್ತರದ ಹಲವು ಊರುಗಳಲ್ಲಿ ಚರ್ಚಿನ ಗಂಟೆ ಬಾರಿಸಿದರು. ಆ ಸದ್ದು ದಕ್ಷಿಣಕ್ಕೆ ಬಂದೂಕಿನ ಸದ್ದಿಗಿಂತ ಜೋರಾಗಿ ಕೇಳಿಸಿತು.

1860ರ ಚುನಾವಣೆಗೆ ದಕ್ಷಿಣದ ಬೇಡಿಕೆ ಮತ್ತೂ ಏರಿತ್ತು: ಹೊಸ ಸೀಮೆಗಳಲ್ಲಿ ಗುಲಾಮಗಿರಿಯನ್ನು ಕೇಂದ್ರವೇ ಕಾನೂನು ಮಾಡಿ ಕಾಯಬೇಕು. ಮತ್ತೆ ಕೇಂದ್ರದ ದೊಣ್ಣೆ! ಡಗ್ಲಸ್ ಒಪ್ಪಲಿಲ್ಲ, ಡೆಮಾಕ್ರಟಿಕ್ ಪಕ್ಷ ಎರಡಾಯಿತು. ಕಣದಲ್ಲಿ ನಾಲ್ವರು. ಲಿಂಕನ್ ಶೇಕಡಾ 40ರಷ್ಟು ಓಟಿನಲ್ಲಿ ಗೆದ್ದ. ದಕ್ಷಿಣದ ಹತ್ತು ರಾಜ್ಯಗಳಲ್ಲಿ ಅವನ ಹೆಸರಿನ ಮತಪತ್ರವೇ ಇರಲಿಲ್ಲ. ನಿಮ್ಮ ‘1861ರಲ್ಲೇ ಯಾಕೆ’ ಎಂಬುದಕ್ಕೆ ಗಂಟು ಬಿಚ್ಚುವುದು ಇಲ್ಲೇ. ಅಲ್ಲಿಯವರೆಗಿನ 72 ವರ್ಷಗಳಲ್ಲಿ ಮೂರರಲ್ಲಿ ಎರಡು ಪಾಲು ಕಾಲ ಗುಲಾಮರ ಒಡೆಯನೇ ಅಧ್ಯಕ್ಷ. ಸೆನೆಟ್ ಸಮ. ಕೋರ್ಟು ತಮ್ಮದು. ಈಗ ದಕ್ಷಿಣದ ಒಂದು ಓಟೂ ಬೇಡದೆ ಅಧ್ಯಕ್ಷನಾಗಬಹುದು ಎಂದು ಗೊತ್ತಾಯಿತು. ಕ್ಯಾಲಿಫೋರ್ನಿಯಾ, ಮಿನೆಸೋಟಾ, ಆರೆಗನ್ ಸೇರಿ ಸೆನೆಟ್‌ನ ತಕ್ಕಡಿಯೂ ವಾಲಿತ್ತು. ಲಿಂಕನ್ ಏನು ಮಾಡುತ್ತಾನೆ ಎಂಬುದಕ್ಕಿಂತ, ಇನ್ನು ಮುಂದೆ ಅವನಂಥವರನ್ನು ತಡೆಯಲು ಆಗುವುದಿಲ್ಲ ಎಂಬ ಭಯ ಅವರನ್ನು ಎಬ್ಬಿಸಿತು. ಫೆಬ್ರವರಿ 1ರ ಹೊತ್ತಿಗೆ ಏಳು ರಾಜ್ಯಗಳು ಹೊರಗೆ.

ಉತ್ತರ ಕೊನೆ ಗಳಿಗೆವರೆಗೂ ರಾಜಿಗೆ ಒದ್ದಾಡಿತು. ಗುಲಾಮಗಿರಿ ಇರುವ ರಾಜ್ಯಗಳಲ್ಲಿ ಕೇಂದ್ರ ಎಂದೂ ಕೈ ಹಾಕದಂತೆ ಸಂವಿಧಾನ ತಿದ್ದುವ ಮಸೂದೆಯನ್ನು 1861ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಪಾಸು ಮಾಡಿತ್ತು. ಎರಡು ದಿನದ ನಂತರ ಅಧಿಕಾರ ಹಿಡಿದ ಲಿಂಕನ್ ಅದಕ್ಕೆ ಅಡ್ಡಿಯಿಲ್ಲ ಎಂದ. ಹೊಸ ನೆಲಕ್ಕೆ ಹರಡುವುದಕ್ಕೆ ಮಾತ್ರ ಬಗ್ಗಲಿಲ್ಲ. ಏಪ್ರಿಲ್ 12ರ ನಸುಕಿನಲ್ಲಿ ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆಯ ಮೇಲೆ ದಕ್ಷಿಣದ ಫಿರಂಗಿ ಹಾರಿತು. ಲಿಂಕನ್ 75 ಸಾವಿರ ಸೈನಿಕರನ್ನು ಕರೆದ. ಇನ್ನೂ ನಾಲ್ಕು ರಾಜ್ಯಗಳು ಹೊರಟವು. ಗುಲಾಮಗಿರಿ ಇದ್ದೂ ಕೇಂದ್ರದ ಜೊತೆ ಉಳಿದವು ನಾಲ್ಕು. ಹಾಗಾಗಿ ಉತ್ತರ ಮೊದಲು ಹೋರಾಡಿದ್ದು ದೇಶ ಒಡೆಯಬಾರದೆಂದು, ಗುಲಾಮರನ್ನು ಬಿಡಿಸಲು ಅಲ್ಲ. ದಕ್ಷಿಣ ಹೋರಾಡಿದ್ದು ಮಾತ್ರ ಮೊದಲಿಂದಲೂ ಅದನ್ನು ಉಳಿಸಿಕೊಳ್ಳಲು. ಎರಡೂ ಮಾತು ಒಟ್ಟಿಗೆ ನಿಜ.

ಉತ್ತರದ ಆ ಗುರಿಯನ್ನು ಬದಲಿಸಿದವರೂ ಓಡಿಬಂದವರೇ. ಯುದ್ಧ ಶುರುವಾದ ಮುಂದಿನ ತಿಂಗಳೇ ಮೂವರು ಗುಲಾಮರು ರಾತ್ರಿ ದೋಣಿಯಲ್ಲಿ ವರ್ಜೀನಿಯಾದ ಮನ್ರೋ ಕೋಟೆಗೆ ಬಂದು ಉತ್ತರದ ಸೇನೆಯ ಆಸರೆ ಬೇಡಿದರು. ಮಾರನೆಯ ದಿನ ಅವರ ಒಡೆಯನ ಕಡೆಯವನು ಬಂದು, ಓಡಿಹೋದವರ ಕಾನೂನಿನಂತೆ ವಾಪಸ್ ಕೊಡಿ ಎಂದ. ಜನರಲ್ ಬೆಂಜಮಿನ್ ಬಟ್ಲರ್ ವಕೀಲನೂ ಆಗಿದ್ದವನು. ನೀವು ಬೇರೆ ದೇಶ ಎನ್ನುತ್ತೀರಿ, ನಮ್ಮ ಕಾನೂನು ನಿಮಗೆ ಯಾಕೆ ಅನ್ವಯಿಸಬೇಕು ಎಂದು ಕಳಿಸಿದ. ಸುದ್ದಿ ಹಬ್ಬಿ ಕೆಲವೇ ವಾರಗಳಲ್ಲಿ ನೂರಾರು ಜನ ಆ ಕೋಟೆಯ ಬಾಗಿಲಿಗೆ ಬಂದರು.

ಈಗ ನಿಮ್ಮ ಅಜ್ಜನ ಹತ್ತಿ. ನಂಟು ಇದೆ, ಗಟ್ಟಿಯಾಗಿಯೇ ಇದೆ. 1858ರಲ್ಲಿ ದಕ್ಷಿಣ ಕೆರೊಲಿನಾದ ಸೆನೆಟರ್ ಜೇಮ್ಸ್ ಹ್ಯಾಮಂಡ್ ‘ಹತ್ತಿಯೇ ರಾಜ’ ಎಂದು ಸೆನೆಟ್‌ನಲ್ಲಿ ಗುಡುಗಿದ್ದ. ನಮ್ಮ ಹತ್ತಿ ಇಲ್ಲದೆ ಇಂಗ್ಲೆಂಡಿನ ಗಿರಣಿಗಳು ನಿಲ್ಲುತ್ತವೆ, ಅವರೇ ನಮ್ಮ ಪರ ಬರುತ್ತಾರೆ ಎಂಬ ನಂಬಿಕೆ ದಕ್ಷಿಣದ ಧೈರ್ಯದ ಅರ್ಧ ಪಾಲು. 1861ರಲ್ಲಿ ಬೇಕೆಂದೇ ಹತ್ತಿ ತಡೆಹಿಡಿದರು. ಗಿರಣಿ ಊರುಗಳಲ್ಲಿ ಹಸಿವು ಬಂತು, ಇಂಗ್ಲೆಂಡಿನ ಸೈನ್ಯ ಮಾತ್ರ ಬರಲಿಲ್ಲ. ವ್ಯಾಪಾರಿಗಳು ಈಜಿಪ್ಟಿನ ಕಡೆ, ಹಿಂದೂಸ್ತಾನದ ಕಡೆ ತಿರುಗಿದರು. ಧಾರವಾಡ ಸೀಮೆ ಅದಕ್ಕೆ ಮೊದಲೇ ಸಜ್ಜಾಗಿತ್ತು. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ಹತ್ತಿ ಬೆಳೆಗಾರರನ್ನೇ ಇಲ್ಲಿಗೆ ಕರೆಸಿ ನ್ಯೂ ಆರ್ಲಿಯನ್ಸ್ ಬೀಜ ಹಾಕಿಸಿತ್ತು. ಹಿಂದೂಸ್ತಾನದ ಹಲವು ಕಡೆ ಕೈಕೊಟ್ಟ ಆ ಬೀಜ ನಿಮ್ಮ ಎರೆ ಹೊಲದಲ್ಲಿ ನಿಂತಿತು. ಜವಾರಿ ಹತ್ತಿಯ ಪಕ್ಕದಲ್ಲಿ ಬೆಳೆದ ಅದನ್ನೇ ಒಕ್ಕಲಿಗರು ವಿಲಾಯತಿ ಹತ್ತಿ ಎಂದರು, ವ್ಯಾಪಾರಿಗಳು ಧಾರವಾಡ-ಅಮೆರಿಕನ್ ಎಂದರು. ಯುದ್ಧದ ವರ್ಷಗಳಲ್ಲಿ ಬೆಲೆ ಹಲವು ಪಟ್ಟು ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದಕ್ಕೂ ಧಾರವಾಡದ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸುವ ಆಸೆಯೇ ಮುಖ್ಯ ಕಾರಣ. 1865ರಲ್ಲಿ ಲೀ ಶರಣಾದ, ಹತ್ತಿಯ ಬೆಲೆ ಬಿತ್ತು, ಮುಂಬೈನ ಷೇರು ಪೇಟೆ ಮುಳುಗಿತು. ವಿಲಾಯತಿ ಹತ್ತಿ ಮಾತ್ರ ಗದಗ ಸೀಮೆಯಲ್ಲಿ ಉಳಿಯಿತು, ನಿಮ್ಮ ಅಜ್ಜನ ಬಾಯಿಗೂ ಬಂತು.